ಗಟ್ಟಿಮೇಳದ ಪ್ಲೇಟು: ಹಳೇ ರೆಕಾರ್ಡು ಕೇಳುವ ಬಗೆ, ಡಿಜಿಟಲ್ ಕೇಳುವ ಬಗೆ

ನಮ್ಮಪ್ಪ ಮೈಕ್‌ಸೆಟ್ಟಿನವರು. ಮಂಡ್ಯದ ಸುತ್ತಲ ಹಳ್ಳಿಗಳಲ್ಲಿ ಮದುವೆ, ಜಾತ್ರೆ, ಗಣಪತಿ ಕೂರಿಸುವುದು ಏನೇ ಇದ್ದರೂ ಅಪ್ಪನ ಹಾರ್ನ್ ಕೂಗಬೇಕು. ಎರಡು ಹಾರ್ನ್ ಸ್ಪೀಕರು, ಒಂದು ಅಹುಜಾ ಆಂಪ್ಲಿಫೈಯರು, ಕರೆಂಟ್ ಕೈಕೊಟ್ಟರೆ ಇರಲಿ ಅಂತ ಒಂದು ಕಾರ್ ಬ್ಯಾಟರಿ, ಹಸಿರು ಬಣ್ಣದ ತಗಡಿನ ಟ್ರಂಕಿನ ತುಂಬ ಪ್ಲೇಟುಗಳು. ನಮ್ಮನೆಯಲ್ಲಿ ಯಾರೂ ರೆಕಾರ್ಡು ಅನ್ನುತ್ತಿರಲಿಲ್ಲ, ಪ್ಲೇಟು ಅಂತಲೇ. 1978ರಲ್ಲಿ, ನನಗೆ ಹತ್ತು ವರ್ಷವಾದಾಗ, ಪ್ಲೇಟು ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ತೆಂಗಿನಮರ ಹತ್ತಿ ಹಾರ್ನ್ ಕಟ್ಟಿ ಬರುವಷ್ಟರಲ್ಲಿ ನಾನು ಚಪ್ಪರದ ಮೂಲೆಯಲ್ಲಿ ಟ್ರಂಕು ಬಿಚ್ಚಿ ಕೂತಿರುತ್ತಿದ್ದೆ.

ಆ ಕೆಲಸದಲ್ಲಿ ಒಂದು ಗಳಿಗೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ವಾಲಗದವರನ್ನು ಕರೆಸುವ ಶಕ್ತಿ ಇಲ್ಲದ ಮನೆಗಳಲ್ಲಿ ನಾಗಸ್ವರದ ಪ್ಲೇಟೇ ವಾಲಗ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ಕೂಡಲೇ, ಓಡುತ್ತಿದ್ದ ಹಾಡಿನಿಂದ ಮುಳ್ಳೆತ್ತಿ, ಪ್ಲೇಟು ಬದಲಾಯಿಸಿ, ಡೋಲು ಜೋರಾಗುವ ಜಾಗಕ್ಕೇ ಮುಳ್ಳು ಇಳಿಸಬೇಕು. ಆ ಜಾಗ ಅಂಚಿನಿಂದ ಎರಡು ಬೆರಳು ಒಳಗೆ. ಕತ್ತಲಲ್ಲೂ ಪ್ಲೇಟು ಗುರುತು ಸಿಗಲಿ ಅಂತ ಅಪ್ಪ ಅದರ ಲೇಬಲ್ಲಿಗೆ ಕುಂಕುಮದ ಬೊಟ್ಟಿಟ್ಟಿದ್ದರು.

ಆ ಟ್ರಂಕು ಈಗ ಮಂಡ್ಯದ ನನ್ನ ಮನೆಯಲ್ಲಿದೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದೆ. ಹಳೇ ವಿದ್ಯಾರ್ಥಿಗಳು, ನೆಂಟರ ಮಕ್ಕಳು ಬಂದಾಗ ಕೇಳುವುದು ಒಂದೇ: "ಮೇಡಂ, ಅಟ್ಟದ ಮೇಲೆ ತಾತನ ರೆಕಾರ್ಡು ಸಿಕ್ಕಿವೆ. ಪ್ಲೇಯರ್ ತಗೊಳ್ಳಲಾ? ಫೋನಿಗಿಂತ ಚೆನ್ನಾಗಿ ಕೇಳುತ್ತಂತಲ್ಲ?"

ತಾನಾಗೇ ಚೆನ್ನಾಗಿ ಕೇಳುವುದಿಲ್ಲ. ಪ್ಲೇಟು ಕೇಳುವುದು ಒಂದು ಕೈಕೆಲಸ. ರಾಗಿ ಮುದ್ದೆ ಕಟ್ಟಿದ ಹಾಗೆ: ಹದ ಗೊತ್ತಿದ್ದರೆ ಅದರ ಮುಂದೆ ಇನ್ನೊಂದಿಲ್ಲ, ಹದ ತಪ್ಪಿದರೆ ಗಂಟು. ಆ ಕೆಲಸಕ್ಕೆ ಮನಸ್ಸಿಲ್ಲದಿದ್ದರೆ ಫೋನೇ ಸರಿ, ಅದರಲ್ಲಿ ಅವಮಾನವೇನೂ ಇಲ್ಲ. ಮನಸ್ಸಿದ್ದರೆ ಕೆಲಸ ಹೀಗೆ.

ಮೊದಲು ಯಾವ ಪ್ಲೇಟು ಅಂತ ನೋಡಿ

ಅಟ್ಟದಿಂದ ಇಳಿಸಿದ ಕೂಡಲೇ ಯಾವ ಪ್ಲೇಯರಿಗೂ ಹಾಕಬೇಡಿ. ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟಿ. ಮಣ್ಣಿನ ಹೆಂಚಿನ ಹಾಗೆ ಟಣ್ ಅಂದರೆ, ಕೈಗೆ ಭಾರವಾಗಿದ್ದರೆ, ಒಂದು ಕಡೆಗೆ ಒಂದೇ ಹಾಡಿದ್ದರೆ ಅದು ನಿಮಿಷಕ್ಕೆ 78 ಸುತ್ತಿನ ಹಳೇ ಪ್ಲೇಟು, ಅರಗಿನದು. ಪಾಂಡವರನ್ನು ಸುಡಲು ಕಟ್ಟಿದರಲ್ಲ ಅರಗಿನ ಮನೆ, ಅದೇ ಅರಗು, ಕಲ್ಲುಪುಡಿಯಂಥದ್ದನ್ನು ಬೆರೆಸಿ ಒತ್ತಿದ್ದು. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿಯವರ ಕಾಲಕ್ಕೆ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಓಟಿನ ದಿನ ನಮ್ಮ ಬೆರಳಿಗೆ ಹಚ್ಚುವ ಶಾಯಿ ಬರುವುದು ಅಲ್ಲಿಂದಲೇ. ಅರಗಿನ ಸ್ವಭಾವ ಗೊತ್ತಿದ್ದವರಿಗೆ ಈ ಪ್ಲೇಟಿನ ಸ್ವಭಾವವೂ ಗೊತ್ತಾಗುತ್ತದೆ: ಬಿದ್ದರೆ ಒಡೆಯುತ್ತದೆ, ಸ್ಪಿರಿಟ್ಟಿಗೆ ಕರಗುತ್ತದೆ.

ಎರಡನೆಯದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಪಿಟೀಲು ಚೌಡಯ್ಯನವರ ಒಂದು 78ರ ಪ್ಲೇಟು ನಮ್ಮ ಟ್ರಂಕಿನಲ್ಲಿತ್ತು. ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನವರು ಅವರು. ದೊಡ್ಡ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿದ ಪುಣ್ಯಾತ್ಮ. ಜಿಡ್ಡು ತೆಗೆಯೋಣವೆಂದು ಪ್ರಯೋಗಶಾಲೆಯ ಸ್ಪಿರಿಟ್ಟನ್ನು ಹತ್ತಿಗೆ ಹಾಕಿ ಉಜ್ಜಿದೆ. ಹತ್ತಿ ಕಪ್ಪಾಯಿತು. ಕೊಳೆ ಹೋಗುತ್ತಿದೆ ಅಂದುಕೊಂಡು ಇನ್ನೂ ಉಜ್ಜಿದೆ. ಒಣಗಿದ ಮೇಲೆ ನೋಡಿದರೆ ಪ್ಲೇಟಿನ ಮೇಲೆ ಹೊಳಪಿಲ್ಲದ ಒಂದು ಪಟ್ಟೆ. ಹತ್ತಿಗೆ ಬಂದದ್ದು ಕೊಳೆಯಲ್ಲ, ಚೌಡಯ್ಯನವರ ನಾದವೇ. ಇವತ್ತಿಗೂ ಆ ಪಟ್ಟೆ ಬಂದಾಗ ಮಳೆ ಸುರಿದ ಹಾಗೆ ಕೇಳುತ್ತದೆ. 78ಕ್ಕೆ ಸ್ಪಿರಿಟ್ ತಾಗಿಸಬೇಡಿ. ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ನನಗೆ ಸಮಾಧಾನ.

ತೆಳ್ಳಗೆ ಬಾಗುವಂತಿದ್ದು, ತಟ್ಟಿದರೆ ಮಂಕಾಗಿ ಸದ್ದು ಮಾಡಿದರೆ ಅದು ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನದು. 1948ರಲ್ಲಿ ಅಮೆರಿಕದಲ್ಲಿ 33⅓ ಸುತ್ತಿನ ಲಾಂಗ್ ಪ್ಲೇ ಬಂತು, ಮರುವರ್ಷ ಏಳಿಂಚಿನ 45. ನಮ್ಮ ಸಿನಿಮಾ ಹಾಡುಗಳು ಹೆಚ್ಚಾಗಿ ಬಂದದ್ದು ನಾಲ್ಕು ಹಾಡಿನ ಏಳಿಂಚಿನ ಪ್ಲೇಟುಗಳಲ್ಲಿ. ಏಳಿಂಚಿನದೆಲ್ಲ 45 ಅಂತ ತಿಳಿಯಬೇಡಿ, ಕೆಲವು 33ರಲ್ಲಿ ಓಡುವಂಥವು. ಲೇಬಲ್ ಓದಿ.

ಇನ್ನೊಂದು ಮಾತು. ಮೈಸೂರಿನ ಲಕ್ಷ್ಮೀಪುರಂ, ಚಾಮುಂಡಿಪುರಂ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಪಿಯಾನೊ ಸಂಗೀತದ ಪ್ಲೇಟಿನ ಕಟ್ಟು ಸಿಕ್ಕರೆ ಯಾರಿಗೂ ಬೇಡದ್ದು ಅಂತ ಗುಜರಿಗೆ ಹಾಕಬೇಡಿ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು. ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ವಯಸ್ಸಾಗಿ, ಯಾರೂ ಕೇಳುವವರಿಲ್ಲದೆ ಇದ್ದಾಗ ಅವರ ಕೃತಿಗಳನ್ನು ಎಚ್‌ಎಂವಿಯಲ್ಲಿ ಮುದ್ರಿಸಲು ದುಡ್ಡು ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚರ್ಟೊವನ್ನು ಅವರಿಗೇ ಅರ್ಪಿಸಿದರು. ನಮ್ಮ ದೇಶದಲ್ಲಿ 1902ರಲ್ಲಿ ಮೊದಮೊದಲು ಪ್ಲೇಟಿಗೆ ಹಾಡಿದವರಲ್ಲಿ ಒಬ್ಬರಾದ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದೂ ಮೈಸೂರನ್ನೇ. ನಾಲ್ವಡಿಯವರ ಆಸ್ಥಾನದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡರು. ಪ್ಲೇಟಿನ ಚರಿತ್ರೆ ನಮ್ಮ ಸೀಮೆಯಲ್ಲಿ ಎಲ್ಲೆಲ್ಲೋ ಬಿದ್ದಿದೆ. ಒಂದೊಂದನ್ನೂ ಲೇಬಲ್ ಓದದೆ ಬಿಸಾಡಬೇಡಿ.

ಮುಳ್ಳು, ತೂಕ, ಮತ್ತು ಕಬ್ಬಿನ ಟ್ರ್ಯಾಕ್ಟರು

ಸೂಟ್‌ಕೇಸಿನ ಹಾಗೆ ಮಡಚುವ, ಒಳಗೇ ಪುಟ್ಟ ಸ್ಪೀಕರ್ ಇರುವ ಪ್ಲೇಯರುಗಳು ನೋಡಲು ಮುದ್ದಾಗಿವೆ. ಉಡುಗೊರೆಗೆ ಅಂತ ತುಂಬ ಜನ ಕೊಳ್ಳುತ್ತಾರೆ. ಬೇಡ. ಅಂಥವುಗಳಲ್ಲಿ ಬಹುಪಾಲು ಮುಳ್ಳು ಪ್ಲೇಟಿನ ಮೇಲೆ ಐದು ಗ್ರಾಂ ಆಸುಪಾಸಿನ ಭಾರ ಹಾಕುತ್ತದೆ, ಆ ಭಾರವನ್ನು ಹೊಂದಿಸುವ ತಿರುಪೂ ಇರುವುದಿಲ್ಲ. ಅದೇ ಪೆಟ್ಟಿಗೆಯೊಳಗಿನ ಸ್ಪೀಕರ್ ಅಲುಗಾಡಿ ಆ ಅಲುಗಾಟ ಮತ್ತೆ ಮುಳ್ಳಿಗೇ ಬರುತ್ತದೆ. "ವಿನೈಲ್ ಅಂದರೆ ಇಷ್ಟೇನಾ" ಅಂತ ನಿರಾಶರಾದವರಲ್ಲಿ ಹೆಚ್ಚಿನವರು ಕೇಳಿದ್ದು ಇಂಥದ್ದರಲ್ಲಿ.

ಮುಳ್ಳು ಹೊತ್ತ ತೋಳಿನ ಹಿಂದೆ ತಿರುಗಿಸುವ ತೂಕದ ಬಟ್ಟು ಇರುವ ಪ್ಲೇಯರನ್ನೇ ತೆಗೆದುಕೊಳ್ಳಿ, ಹಳೆಯದಾದರೂ ಸರಿ. ತೂಕ ಕಟ್ಟುವುದು ಹೀಗೆ: ಮುಳ್ಳಿನ ಮುಚ್ಚಳ ತೆಗೆದು, ತೋಳು ತಕ್ಕಡಿಯ ಕೋಲಿನಂತೆ ಗಾಳಿಯಲ್ಲಿ ಸಮನಾಗಿ ತೇಲುವವರೆಗೆ ಬಟ್ಟನ್ನು ತಿರುಗಿಸಿ. ಅದೇ ಸೊನ್ನೆ. ಬಟ್ಟಿನ ಮೇಲಿನ ಅಂಕಿಯ ಬಿಲ್ಲೆಯನ್ನು ಮಾತ್ರ ಸೊನ್ನೆಗೆ ತಂದು, ಆಮೇಲೆ ಎರಡೂ ಸೇರಿ ತಿರುಗುವಂತೆ ಕಾರ್ಟ್ರಿಜ್ (ಮುಳ್ಳು ಕೂರುವ ಪುಟ್ಟ ಡಬ್ಬಿ) ತಯಾರಕರು ಹೇಳಿದಷ್ಟು ಗ್ರಾಂಗೆ ತನ್ನಿ. ಈಗಿನ ಸಾಧಾರಣ ಕಾರ್ಟ್ರಿಜ್ಜುಗಳಿಗೆ ಎರಡು ಗ್ರಾಂ ಹತ್ತಿರ ಬರುತ್ತದೆ. ಕಡಿಮೆ ಇಟ್ಟರೆ ಪ್ಲೇಟಿಗೆ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಭಾರ ಸಾಲದ ಮುಳ್ಳು ಗೀರಿನ, ಅಂದರೆ ಹಾಡು ಕೊರೆದಿರುವ ಕಾಲುವೆಯ, ಗೋಡೆಯಿಂದ ಗೋಡೆಗೆ ಹಾರಿ ಹಾರಿ ಕೆತ್ತುತ್ತದೆ. ಚಿನ್ನ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಂಥದ್ದು ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಅಪ್ಪನ ಕಾಲದಲ್ಲಿ ಇದೆಲ್ಲ ತಿರುಗುಮುರುಗು. ಚಪ್ಪರದಲ್ಲಿ ಮಕ್ಕಳು ಕುಣಿದರೆ ಮುಳ್ಳು ಹಾರುತ್ತಿತ್ತು. ಅದಕ್ಕೆ ತೋಳಿನ ತಲೆಯ ಮೇಲೆ ನಾಲ್ಕಾಣೆ ನಾಣ್ಯವನ್ನು ಟೇಪ್ ಹಾಕಿ ಅಂಟಿಸಿದ್ದರು. ಟ್ರಂಕಿನ ತಳದಲ್ಲಿ ಟೇಪಿನ ಸಮೇತ ಆ ನಾಣ್ಯ ಸಿಕ್ಕಿದಾಗ ತೂಗಿ ನೋಡಿದೆ. ಎರಡೂವರೆ ಗ್ರಾಂ. ಮೊದಲೇ ಭಾರದ ಮುಳ್ಳು, ಅದರ ಮೇಲೆ ಇದು. ನಮ್ಮ ಸಿನಿಮಾ ಹಾಡಿನ ಪ್ಲೇಟುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿರುವುದು ಹಾಗೆ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ, ಹಾಡು ನಿಂತರೆ ಮದುವೆಮನೆಯವರು ಸುಮ್ಮನಿರುತ್ತಿರಲಿಲ್ಲ. ನಿಮಗೆ ದಾರಿ ಇದೆ. ನಾಣ್ಯ ಇಡಬೇಡಿ.

78ಕ್ಕೆ ಬೇರೆಯೇ ಮುಳ್ಳು ಬೇಕು. ಅದರ ಗೀರು ಅಗಲ. ಲಾಂಗ್ ಪ್ಲೇಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರದ್ದು ಸುಮಾರು 75. ಸಣ್ಣ ಮುಳ್ಳನ್ನು ಅಗಲ ಗೀರಿಗೆ ಇಟ್ಟರೆ ಕಾಲುವೆಯ ತಳದ ಹೂಳಿನಲ್ಲಿ ನಡೆದ ಹಾಗಾಗುತ್ತದೆ, ಬರೀ ಕಸದ ಸದ್ದು. ವಜ್ರದ ಮುಳ್ಳಾದರೂ 500ರಿಂದ 1,000 ಗಂಟೆಯಲ್ಲಿ ಸವೆಯುತ್ತದೆ. ಎಷ್ಟು ಗಂಟೆಯಾಯಿತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಹ್ಯಾಂಡಲ್ ತಿರುಗಿಸಿ ಕೀ ಕೊಡುವ ಗ್ರಾಮಫೋನ್ ಇದ್ದರಂತೂ ಅದರ ಉಕ್ಕಿನ ಮುಳ್ಳು ಒಂದು ಬದಿಗೆ ಒಂದೇ. ಮತ್ತೆ ಬಳಸಿದರೆ ಅದು ಮುಳ್ಳಲ್ಲ, ಉಳಿ.

ಕಾರ್ಟ್ರಿಜ್ಜಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಪ್ಲೇಟು ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ ಮೇಲಿನ ಸ್ವರಗಳನ್ನು ಏರಿಸಿ ಕೊರೆದಿರುತ್ತಾರೆ, ಇಲ್ಲದಿದ್ದರೆ ಮೃದಂಗದ ಒಂದೊಂದು ಎಡಗೈ ಪೆಟ್ಟಿಗೂ ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. ಅದನ್ನು ತಿರುಗಿ ಸರಿಮಾಡಿ, ದೊಡ್ಡದು ಮಾಡುವುದಕ್ಕೆ ಫೋನೊ ಆಂಪ್ ಬೇಕು. ಪ್ಲೇಯರನ್ನು ನೇರವಾಗಿ ಮಾಮೂಲಿ ಆಂಪ್ಲಿಫೈಯರಿಗೆ ಚುಚ್ಚಿದರೆ ಸೊಳ್ಳೆ ಹಾಡಿದ ಹಾಗೆ ಕೇಳುವುದು ಇದಕ್ಕೇ. ಪ್ಲೇಯರಿನ ಹಿಂದೆ ಒಂದು ಒಂಟಿ ತಂತಿ ಇರುತ್ತದಲ್ಲ, ಅದನ್ನು ಫೋನೊ ಆಂಪಿನ ಗ್ರೌಂಡ್ ತಿರುಪಿಗೆ ಬಿಗಿಯಿರಿ. ಗುಂಯ್‌ಗುಟ್ಟುವುದು ಮುಕ್ಕಾಲುಪಾಲು ಅಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಮನೆಯ ಅರ್ಥಿಂಗ್ ಗುಂಡಿ ಒಣಗಿದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಬೇಸಿಗೆಯಲ್ಲಿ ಅಪ್ಪ ಎಲ್ಲಿ ಸೆಟ್ ಹಾಕಿದರೂ ಮೊದಲು ಅರ್ಥ್ ಕಂಬಿಯ ಬುಡಕ್ಕೆ ಎರಡು ಬಿಂದಿಗೆ ನೀರು ಹುಯ್ಯಿಸುತ್ತಿದ್ದರು.

ಇನ್ನು ಟ್ರ್ಯಾಕ್ಟರು. ಕಬ್ಬು ಕಟಾವಿನ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗೆ ಹೋಗುತ್ತವೆ. ನಮ್ಮ ಮನೆ ರಸ್ತೆಯಂಚಿಗಿದೆ. ಮೊದಲ ವರ್ಷ ಟೀಪಾಯಿಯ ಮೇಲೆ ಪ್ಲೇಯರ್ ಇಟ್ಟಿದ್ದೆ. ರಾತ್ರಿ ಹತ್ತರ ಹೊತ್ತಿಗೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರನ್ನು ಕೇಳೋಣ ಅಂತ ದೀಪ ಆರಿಸಿ ಕೂತರೆ, ತಾನದ ಮಧ್ಯೆ ಟ್ರ್ಯಾಕ್ಟರ್ ಬಂದು ಮುಳ್ಳು ಮೂರು ಗೀರು ದಾಟಿ ಹಾರಿತು. ರೈತರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಆ ಕಬ್ಬಿನಿಂದಲೇ ನಮ್ಮೂರು. ರಬ್ಬರ್ ಪಾದ, ಟೆನಿಸ್ ಚೆಂಡಿನ ಹೋಳು ಎಲ್ಲ ಇಟ್ಟು ನೋಡಿದೆ. ಫಲ ಕೊಟ್ಟದ್ದು ಒಂದೇ: ರಸ್ತೆಯಿಂದ ದೂರದ ಒಳಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್ ಹೊಡೆಸಿ, ಅದರ ಮೇಲೆ ಅಡುಗೆಮನೆಗೆ ಹಾಕುವಂಥ ಕಡಪ ಕಲ್ಲಿನ ಚಪ್ಪಡಿ. ಪ್ಲೇಯರ್ ಅದರ ಮೇಲೆ. ನೆಲಕ್ಕೂ ಪ್ಲೇಯರಿಗೂ ಸಂಬಂಧ ತಪ್ಪಿಸಿ, ಅಷ್ಟೇ. ಕಲ್ಲು ಸಮಮಟ್ಟದಲ್ಲಿದೆಯೇ ಅಂತ ಗಾರೆಯವರ ಮಟ್ಟಗೋಲು ಇಟ್ಟು ನೋಡಿ.

ತೊಳೆಯುವುದು

ಮದುವೆಮನೆಯ ಪ್ಲೇಟಿನ ಮೇಲೆ ಏನೇನಿರುತ್ತದೆ ಗೊತ್ತೇ? ಅರಿಶಿನ, ತುಪ್ಪದ ಬೆರಳು, ಹೋಮದ ಹೊಗೆ, ಅಕ್ಷತೆಯ ಪುಡಿ. ಒಣಬಟ್ಟೆಯಲ್ಲಿ ಒರೆಸಿದರೆ ಇವೆಲ್ಲ ಗೀರಿನೊಳಕ್ಕೆ ಇನ್ನೂ ಆಳವಾಗಿ ಕೂರುತ್ತವೆ.

ಭಟ್ಟಿಯಿಳಿಸಿದ ನೀರು ಬೇಕು. ನಲ್ಲಿ ನೀರಿನ ಸುಣ್ಣ ಒಣಗಿದ ಮೇಲೆ ಗೀರಿನಲ್ಲೇ ಉಳಿಯುತ್ತದೆ, ನಮ್ಮ ಬೋರ್‌ವೆಲ್ ನೀರಂತೂ ಕೇಳಲೇಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡನ್ನೂ ಮಾರುತ್ತಾರೆ. ಡಬ್ಬಿಯ ಮೇಲಿನ ಹೆಸರನ್ನು ಎರಡು ಸಲ ಓದಿಯೇ ತನ್ನಿ. ಒಂದು ಲೀಟರಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ, ಅದಕ್ಕಿಂತ ಜಾಸ್ತಿ ಬೇಡ. ಲೇಬಲ್ಲಿಗೆ ನೀರು ತಾಗದಂತೆ ಅಷ್ಟೇ ಅಗಲದ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿಯಿರಿ. ಮೃದುವಾದ ಬ್ರಷ್ಷಿನಿಂದ, ಗೀರು ಸುತ್ತುವ ದಿಕ್ಕಿನಲ್ಲೇ ಒರೆಸಿ, ರಂಗೋಲಿಯ ಎಳೆ ಹಿಡಿದು ಹೋದ ಹಾಗೆ. ಅಡ್ಡ ಉಜ್ಜಬಾರದು. ಆಮೇಲೆ ಬರೀ ಭಟ್ಟಿನೀರಿನಲ್ಲಿ ಇನ್ನೊಮ್ಮೆ. ಒಣಗಿಸಲು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿಗಿಂತ ಒಳ್ಳೆಯದು ಯಾವುದೂ ಇಲ್ಲ. ನಮ್ಮನೆಯಲ್ಲಿ ಊಟದ ತಟ್ಟೆಗೆ ಬೇರೆ, ಹಾಡಿನ ತಟ್ಟೆಗೆ ಬೇರೆ ಇದೆ.

ಮಳೆಗಾಲದ ಬೂಷ್ಟಿಗೂ ಇದೇ ಔಷಧಿ, ಆದರೆ ತೊಳೆದ ಪ್ಲೇಟನ್ನು ಮತ್ತೆ ಅದೇ ಹಳೇ ಕಾಗದದ ಒಳಕವರಿಗೆ ಹಾಕಿದರೆ ತೊಳೆದದ್ದೆಲ್ಲ ದಂಡ. ಹೊಸ ಒಳಕವರು ಕೊಳ್ಳಿ. ಮೇಲಿನ ಚಿತ್ರದ ಕವರನ್ನು ಮಾತ್ರ ಎಷ್ಟೇ ಹರಿದಿದ್ದರೂ ಬಿಸಾಡಬೇಡಿ. ಯಾರು ಬರೆದರು, ಯಾರು ನುಡಿಸಿದರು ಅನ್ನುವುದು ಎಷ್ಟೋ ಸಲ ಅಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಪ್ಲೇಟುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಏಪ್ರಿಲ್ ತಿಂಗಳಲ್ಲಿ ಮೇಲುಕೋಟೆಯ ಬೆಟ್ಟದ ಬುಡದಲ್ಲಿ ಒಂದು ಗಂಟೆ ಕಾರು ನಿಲ್ಲಿಸಿದ್ದಕ್ಕೆ ನನ್ನ ಒಂದು ಲಾಂಗ್ ಪ್ಲೇ ಹಪ್ಪಳವಾಗಿದೆ.

ಶ್ರುತಿ

ಪ್ಲೇಟು ಪ್ರೀತಿಸುವವರು ಹೇಳಲು ಹಿಂಜರಿಯುವ ವಿಷಯ ಇದು. ನಮ್ಮ ಸಂಗೀತ ಕೇಳುವವರಿಗೆ ಪ್ಲೇಟಿನ ದೊಡ್ಡ ಕೊರತೆ ಕರಕರ ಸದ್ದಲ್ಲ, ಶ್ರುತಿ.

ವೇಗ ನೂರಕ್ಕೆ ಆರರಷ್ಟು ತಪ್ಪಿದರೆ ಒಂದು ಸ್ವರಸ್ಥಾನವೇ ಪಲ್ಲಟ. ಬೆಲ್ಟು ಸಡಿಲವಾದ ಪ್ಲೇಯರಿನಲ್ಲಿ ಹಾಡುಗಾರರು ಒಂದು ಮನೆ ಕೆಳಗೆ ಇಳಿದು ಹಾಡುತ್ತಾರೆ. ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ: ಲೇಬಲ್ಲಿನ ಮೇಲೆ ಒಂದು ಚೂರು ಕಾಗದ ಇಟ್ಟು, ಫೋನಿನ ಗಡಿಯಾರ ಹಿಡಿದು ಮೂರು ನಿಮಿಷ ಸುತ್ತು ಎಣಿಸಿ. 33⅓ರಲ್ಲಿ ಸರಿಯಾಗಿ 100 ಸುತ್ತು ಬರಬೇಕು. 98 ಬಂದರೆ ಬೆಲ್ಟು ಬದಲಾಯಿಸಿ, ಇಲ್ಲವೇ ವೇಗದ ತಿರುಪನ್ನು ಹೊಂದಿಸಿ. ಮುಳ್ಳು ಪ್ಲೇಟಿನ ಮೇಲಿರುವಾಗಲೇ ಎಣಿಸಬೇಕು, ಅದರ ಎಳೆತವೂ ಲೆಕ್ಕಕ್ಕೆ ಸೇರಲಿ.

ವೇಗ ಸರಿಯಿದ್ದರೂ ಪ್ಲೇಟಿನ ತೂತು ನಟ್ಟನಡುವೆ ಇಲ್ಲದಿದ್ದರೆ ತಂಬೂರಿ ಉಯ್ಯಾಲೆ ಆಡುತ್ತದೆ. ಲೆಕ್ಕ ಸುಲಭ. ಕೇಂದ್ರ ಒಂದು ಮಿಲಿಮೀಟರ್ ಆಚೀಚೆ ಇದ್ದರೆ, 60 ಮಿಲಿಮೀಟರ್ ತ್ರಿಜ್ಯದ ಒಳಗೀರಿನಲ್ಲಿ ವೇಗ ನೂರಕ್ಕೆ 1.7ರಷ್ಟು ಮೇಲೆ ಕೆಳಗೆ ಆಗುತ್ತದೆ. ಅದು ಒಂದು ಸ್ವರಸ್ಥಾನದ ಮೂರನೇ ಒಂದು ಪಾಲಿನ ಹತ್ತಿರ. ಹೊರಗೀರಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಒಳಗೀರಿಗೆ ಇನ್ನೊಂದು ಶಾಪವೂ ಇದೆ: ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹರಿಯುತ್ತದೆ, ಲೇಬಲ್ ಹತ್ತಿರ 20ಕ್ಕೆ ಇಳಿಯುತ್ತದೆ. ಅಷ್ಟೇ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗುತ್ತದೆ. ಬದಿಯ ಕೊನೆಯ ಹಾಡಿನಲ್ಲಿ 'ಸ'ಕಾರವೆಲ್ಲ ಸೀಳಿದಂತೆ ಕೇಳುವುದು ಅದರಿಂದ. ಕಾರ್ಟ್ರಿಜ್ಜನ್ನು ಕಾಗದದ ಅಳತೆಪಟ್ಟಿ ಇಟ್ಟು ನೇರ ಮಾಡಿದರೆ ಅರ್ಧ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

1982ರಲ್ಲಿ ಸಿ.ಡಿ. ಬಂದಾಗ ಈ ತೊಂದರೆಗಳೆಲ್ಲ ಒಂದೇ ಏಟಿಗೆ ಹೋದವು. ಸೆಕೆಂಡಿಗೆ 44,100 ಸಲ ನಾದವನ್ನು ಅಳೆದು 16 ಬಿಟ್ಟಿನ ಅಂಕಿಯಾಗಿ ಬರೆದಿಡುತ್ತಾರೆ. ಮೊದಲ ಹಾಡೂ ಕೊನೆಯ ಹಾಡೂ ಒಂದೇ. "ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಸದ್ದು ಅದು, ನಿಜವಾದ ನಾದವಲ್ಲ" ಅಂತ ಹೇಳುವವರಿದ್ದಾರೆ. ಮೇಷ್ಟ್ರಾಗಿದ್ದವಳು ನಾನು, ಸುಳ್ಳನ್ನು ಸುಳ್ಳು ಅನ್ನಲೇಬೇಕು. ಕಿವಿಗೆ ಕೇಳುವ ಎತ್ತರದವರೆಗೆ ಆ ಅಲೆಯನ್ನು ಆ ಅಂಕಿಗಳಿಂದ ನುಣುಪಾಗಿಯೇ ಮರಳಿ ಕಟ್ಟಬಹುದು. ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವದಲ್ಲಿ ಕೂತು ಕೇಳುವಂಥ ಮೂರು ಗಂಟೆಯ ಕಚೇರಿಯನ್ನು ರಾಗ ತಾನ ಪಲ್ಲವಿ ಮುರಿಯದಂತೆ ಮನೆಯಲ್ಲಿ ಕೇಳಬೇಕಾದರೆ ಡಿಜಿಟಲ್ ಒಂದೇ ದಾರಿ. ಲಾಂಗ್ ಪ್ಲೇ ಬದಿಗೆ ಇಪ್ಪತ್ತು ನಿಮಿಷದ ಮಾತು. ಹತ್ತಿಂಚಿನ 78ರಲ್ಲಂತೂ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ರಾಗ, ಕೃತಿ, ಸ್ವರ ಎಲ್ಲವನ್ನೂ ಆ ಹಿರಿಯರು ಹೇಗೆ ತುಂಬಿದರೋ ಅನ್ನುವುದು ನನಗೆ ಇಂದಿಗೂ ಬೆರಗು.

ಡಿಜಿಟಲನ್ನೂ ಸರಿಯಾಗಿ ಕೇಳಿ

ಪ್ಲೇಟಿಗೆ ದೊಡ್ಡ ಸ್ಪೀಕರು, ಫೋನಿಗೆ ಅದರ ತಳದ ಕಿರುಗಿಂಡಿ, ಹೀಗೆ ಕೇಳಿ ಪ್ಲೇಟೇ ಮೇಲು ಅನ್ನುವುದು ನ್ಯಾಯವಲ್ಲ. ಎರಡನ್ನೂ ಒಂದೇ ಆಂಪ್ಲಿಫೈಯರಿಗೆ, ಒಂದೇ ಸ್ಪೀಕರಿಗೆ ತನ್ನಿ. ಫೋನಿನಿಂದ ಬ್ಲೂಟೂತ್ ಬಿಟ್ಟು ತಂತಿ ಎಳೆಯಿರಿ. ಆಪ್‌ನಲ್ಲಿ ಲಾಸ್‌ಲೆಸ್ (ನಾದದಲ್ಲಿ ಏನನ್ನೂ ಕಳೆಯದ) ಗುಣಮಟ್ಟ ಇದ್ದರೆ ಅದನ್ನು ಆಯ್ದುಕೊಳ್ಳಿ, ಸ್ವರಗಳನ್ನು ಏರಿಳಿಸುವ ಈಕ್ವಲೈಸರನ್ನು ಆಫ್ ಮಾಡಿಬಿಡಿ. ಎರಡರ ಸದ್ದೂ ಸಮನಾಗಿರಲಿ. ಸ್ವಲ್ಪ ಜೋರಾಗಿದ್ದದ್ದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ, ಕಿವಿಯ ಗುಣ ಅದು. ಬ್ಲೂಟೂತ್ ಪ್ಲೇಯರ್ ಕೊಂಡು ಪ್ಲೇಟನ್ನು ಬ್ಲೂಟೂತ್ ಸ್ಪೀಕರಿಗೆ ಕಳಿಸುವುದಾದರೆ ಎರಡೂ ಕಡೆಯ ಕಷ್ಟವನ್ನು ದುಡ್ಡು ಕೊಟ್ಟು ತಂದ ಹಾಗೆ.

ಹೀಗೆ ಸಮ ಮಾಡಿ ಕೇಳಿದಾಗ ನಮ್ಮನೆಯಲ್ಲಿ ಹತ್ತರಲ್ಲಿ ಏಳು ಸಲ ಡಿಜಿಟಲ್ ಗೆದ್ದಿದೆ. ಉಳಿದ ಮೂರರ ಕಥೆ ಹೇಳಬೇಕು. ಒಂದು, ಹಳೇ ಸಿನಿಮಾ ಹಾಡುಗಳನ್ನು ಹೊಸದಾಗಿ ಏರಿಸುವಾಗ ಯಾರೋ ಪ್ರತಿಧ್ವನಿ ಸೇರಿಸಿ, ಸಣ್ಣ ಸದ್ದು ದೊಡ್ಡ ಸದ್ದು ಎಲ್ಲವನ್ನೂ ಒಂದೇ ಎತ್ತರಕ್ಕೆ ಚಚ್ಚಿಟ್ಟಿರುತ್ತಾರೆ. ಅದೇ ಹಾಡಿನ ಸವೆದ ಪ್ಲೇಟಿನಲ್ಲಿ ಗಾಯಕಿ ಉಸಿರೆಳೆದುಕೊಳ್ಳುವುದು ಕೇಳುತ್ತದೆ, ಹೊಸದರಲ್ಲಿ ಆ ಉಸಿರೇ ಇಲ್ಲ. ಇನ್ನೊಂದು, ಹೋದ ವಾರ ಇದ್ದ ಹಾಡು ಈ ವಾರ ಇರುವುದಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವ ಆಪ್‌ನಲ್ಲಿ ನಾನು ಜೋಡಿಸಿಟ್ಟಿದ್ದ ಭಾವಗೀತೆಗಳ ಪಟ್ಟಿಯಲ್ಲಿ ಒಂದು ದಿನ ಆರು ಹಾಡು ಮಸುಕಾಗಿ, ಒತ್ತಿದರೆ ಓಡದೆ ಕೂತಿದ್ದವು. ಟ್ರಂಕಿನಿಂದ ಯಾರೂ ಹಾಗೆ ತೆಗೆದುಕೊಂಡು ಹೋಗಲಾರರು. ಮೂರನೆಯದು, ಕಂಪನಿ ನಾಟಕದ ಹಾಡು, ಹರಿಕಥೆ, ಊರ ಕಡೆಯ ತತ್ವಪದ ಇವುಗಳಲ್ಲಿ ಎಷ್ಟೋ ಡಿಜಿಟಲ್ಲಿಗೆ ಬಂದೇ ಇಲ್ಲ. ಬಂದಿದ್ದರೂ ಹಾಡಿದವರ ಹೆಸರು ತಪ್ಪು.

ಕೂತು ಕೇಳುವ ರೀತಿಗೂ ಒಂದು ಮಾತು. ಪ್ಲೇಟು ಇಟ್ಟ ಮೇಲೆ ಎದ್ದು ಹೋಗುವಂತಿಲ್ಲ, ಇಪ್ಪತ್ತು ನಿಮಿಷಕ್ಕೆ ತಿರುಗಿಸಲೇಬೇಕು. ಇದು ಕಿರಿಕಿರಿ ಅನ್ನುವವರಿದ್ದಾರೆ. ನನಗೆ ಅದೇ ಅಳತೆ. ಒಂದು ಬದಿ ಮುಗಿದಾಗ ಮುಳ್ಳು ಒಳಗೀರಿನಲ್ಲಿ ಟಕ್ಕು ಟಕ್ಕು ಅನ್ನುತ್ತದಲ್ಲ, ಆಗ ಕೇಳಿದ್ದು ಸಾಕೋ ಇನ್ನೂ ಬೇಕೋ ಅಂತ ನಾನು ತೀರ್ಮಾನ ಮಾಡುತ್ತೇನೆ. ಫೋನಿನಲ್ಲಿ ಆ ತೀರ್ಮಾನವನ್ನು ಫೋನೇ ಮಾಡಿ ಮುಂದಿನ ಹಾಡು ಹಾಕಿರುತ್ತದೆ. ತಾನಾಗಿ ಮುಂದುವರಿಯುವ ಆ ಗುಂಡಿಯನ್ನು ಆಫ್ ಮಾಡಿಡಿ. ಏರೋಪ್ಲೇನ್ ಮೋಡಿಗೂ ಹಾಕಿ. ಅರ್ಧ ಪ್ಲೇಟಿನ ಸುಖ ಫೋನಿನಲ್ಲೇ ಸಿಗುತ್ತದೆ.

ಪ್ಲೇಟಿನಿಂದ ಫೈಲಿಗೆ

ಎಲ್ಲೂ ಸಿಗದ ಪ್ಲೇಟು ನಿಮ್ಮಲ್ಲಿದ್ದರೆ ಅದನ್ನು ಉಳಿಸುವ ಋಣ ನಿಮ್ಮದು. ಫೋನೊ ಆಂಪಿನಿಂದ ಯುಎಸ್‌ಬಿ ಸೌಂಡ್‌ಕಾರ್ಡಿಗೆ, ಅಲ್ಲಿಂದ ಕಂಪ್ಯೂಟರಿಗೆ. ಆಡಾಸಿಟಿ ಅನ್ನುವ ತಂತ್ರಾಂಶ ಉಚಿತ. 24 ಬಿಟ್, 96 ಕಿಲೋಹರ್ಟ್ಸಿಗೆ ಹಾಕಿ. ಜೋರಾದ ಜಾಗ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಮಟ್ಟ ಇಡಿ, ಕೆಂಪು ಮುಟ್ಟಿದರೆ ಮತ್ತೆ ಮೊದಲಿಂದ. ಪ್ಲೇಯರಿನಲ್ಲಿ 78ರ ವೇಗ ಇಲ್ಲದಿದ್ದರೂ ಕೈಚೆಲ್ಲಬೇಡಿ: 45ರಲ್ಲಿ ಓಡಿಸಿ ದಾಖಲಿಸಿ, ತಂತ್ರಾಂಶದಲ್ಲಿ ವೇಗವನ್ನು 1.733 ಪಟ್ಟು ಮಾಡಿ. ಮುಳ್ಳು ಮಾತ್ರ 78ರದ್ದೇ ಇರಬೇಕು. ತೀರಾ ಹಳೇ ಪ್ಲೇಟುಗಳನ್ನು ಕರಾರುವಾಕ್ಕಾಗಿ 78ಕ್ಕೇ ಮುದ್ರಿಸಿರುತ್ತಿರಲಿಲ್ಲ, ಆದ್ದರಿಂದ ಹಿನ್ನೆಲೆಯ ಹಾರ್ಮೋನಿಯಂ ಇದ್ದರೆ ಅದರ ಶ್ರುತಿಯನ್ನು ಫೋನಿನ ತಂಬೂರಿ ಆಪ್ ಜೊತೆ ಹೋಲಿಸಿ ಕೂರಿಸಿ. ಫ್ಲ್ಯಾಕ್ ಅನ್ನುವ, ನಾದ ಕಳೆಯದ ಬಗೆಯ ಫೈಲಾಗಿ ಉಳಿಸಿ. ಫೈಲಿನ ಹೆಸರಿನಲ್ಲಿ ಲೇಬಲ್ಲಿನ ಸಂಖ್ಯೆ ಇರಲಿ, ಲೇಬಲ್ಲಿನ ಎರಡೂ ಬದಿಯ ಫೋಟೋ ಜೊತೆಗಿರಲಿ. ಪ್ರತಿಗಳನ್ನು ಎರಡು ಬೇರೆ ಬೇರೆ ಕಡೆ ಇಡಿ.

ಟಕ್ಕು ಸದ್ದು ತೆಗೆಯುವ ಉಪಾಯವೂ ಆಡಾಸಿಟಿಯಲ್ಲಿದೆ. ಬಳಸುವ ಮೊದಲು ಮುಟ್ಟದ ಮೂಲ ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಅತಿಯಾದರೆ ಮೃದಂಗದ ಚಾಪು ಪೆಟ್ಟಿನ ಸದ್ದೂ ಕಸವೆಂದು ಹೋಗಿಬಿಡುತ್ತದೆ.

ಹೋದ ಆಷಾಢದಲ್ಲಿ ಕುಂಕುಮದ ಬೊಟ್ಟಿನ ಪ್ಲೇಟನ್ನು ತೊಳೆದು, ಕಲ್ಲಿನ ಮೇಲಿಟ್ಟು ದಾಖಲಿಸಿದೆ. ಮೊದಲ ಎರಡು ಬೆರಳಿನಷ್ಟು ಜಾಗ ಹೆಚ್ಚುಕಮ್ಮಿ ಹೊಸದರಂತೆ, ಅಲ್ಲಿ ಯಾರೂ ಮುಳ್ಳಿಟ್ಟೇ ಇಲ್ಲ. ಆಮೇಲೆ ಕಂಪ್ಯೂಟರಿನ ಪರದೆಯಲ್ಲಿ ಟಕ್ಕುಗಳ ಒಂದು ಪೊದೆ, ಉದ್ದುದ್ದ ಗೆರೆ, ಒಂದಕ್ಕೊಂದು ಒತ್ತಿಕೊಂಡು. ಪುರೋಹಿತರ ಕೈ ಎದ್ದಾಗಲೆಲ್ಲ ನಾನು ಮುಳ್ಳು ಇಳಿಸಿದ ಜಾಗ ಅದು. ಅದು ದಾಟಿದ ಮೇಲೆ ಡೋಲು, ನಾಗಸ್ವರ. ತಂತ್ರಾಂಶಕ್ಕೆ ಆ ಪೊದೆಯನ್ನು ಸವರಲು ಮೂರು ಸೆಕೆಂಡೂ ಬೇಕಾಗಲಿಲ್ಲ. ಕೇಳಿದೆ, ಚೊಕ್ಕವಾಗಿತ್ತು. ಹಿಂದಕ್ಕೆ ಹೋಗುವ ಗುಂಡಿ ಒತ್ತಿ ಟಕ್ಕುಗಳನ್ನೆಲ್ಲ ವಾಪಸ್ ತಂದೆ. ಫೈಲಿಗೆ "ಗಟ್ಟಿಮೇಳ, ಮೂಲ, ಏನೂ ತೆಗೆಯಬಾರದು" ಅಂತ ಹೆಸರಿಟ್ಟು, ಒಂದು ಪ್ರತಿಯನ್ನು ಮೈಸೂರಿನಲ್ಲಿರುವ ತಮ್ಮನಿಗೂ ಕಳಿಸಿದ್ದೇನೆ.